ಕೆರೆದಾರಿಯ ಬೋರ್ಡು ಮತ್ತು ಒಣಸಿಗಡಿ

ಕೆರೆ ಪಕ್ಕದ ಸೈಕಲ್ ದಾರಿಯನ್ನು ನಮ್ಮಂಥವರಿಗೆ ಮುಚ್ಚಿದ್ದು ತಪ್ಪು. ಗಲ್ಫಿನ ರಾಸ್ ಅಲ್ ಖೋರ್‌ನಲ್ಲಿ ಕಾರು ರಿಪೇರಿ ಮಾಡುವ ನಾನು ನೇರವಾಗಿಯೇ ಹೇಳುತ್ತೇನೆ. ನನ್ನ ರೂಮಿಗೂ ಗ್ಯಾರೇಜಿಗೂ ನಡುವೆ ಒಂದು ದೊಡ್ಡ ವಿಲ್ಲಾ ಕಾಂಪೌಂಡ್ ಇದೆ. ತಗ್ಗು ನೆಲ, ಸಾಲಾಗಿ ಮೂರು ಕೆರೆ, ಸುತ್ತ ಕಾಲಿಟ್ಟರೆ ಪಚಕ್ಕೆನ್ನುವ ಹುಲ್ಲು. ಮರುಭೂಮಿಯಲ್ಲಿ ಇಷ್ಟು ಕೆಸರು ಮಾಡಲು ಎಷ್ಟು ಪೈಪು ಹೂತಿದ್ದಾರೋ! ಅದರ ಮಧ್ಯೆ ಸೈಕಲ್ ದಾರಿ. ಅದು ಬಿಟ್ಟರೆ ನಮಗಿರುವುದು ಲಾರಿಗಳು ನುಗ್ಗುವ ಹೈವೇ. ಈಗ ಗೇಟಿನಲ್ಲಿ ಬೋರ್ಡು: 'ಡೆಲಿವರಿ ಸೈಕಲ್‌ಗಳಿಗೆ ಪ್ರವೇಶವಿಲ್ಲ.' ನಾನು ಡೆಲಿವರಿಯವನಲ್ಲ. ಆದರೆ ಕ್ಯಾರಿಯರ್ ಇರುವ ಸೈಕಲ್ಲನ್ನು ಈ ಗೇಟು ನಂಬುವುದಿಲ್ಲ, ಈ ಗೇಟನ್ನು ನಾನು ನಂಬುವುದಿಲ್ಲ. ಹಾಗಾಗಿ ವಾರಕ್ಕೊಂದು ರಗಳೆ ಇದ್ದದ್ದೇ.

೧. ಚಡ್ಡಿ ಪರೀಕ್ಷೆ

ಬಿಗಿ ಚಡ್ಡಿ ಹಾಕಿದವರು ಸರಾಗವಾಗಿ ಒಳಗೆ ಹೋಗುತ್ತಿದ್ದರು. "ಅವರನ್ನು ಯಾಕೆ ಬಿಡ್ತೀಯ?" ಎಂದು ಗಾರ್ಡನ್ನು ಕೇಳಿದೆ.

"ಅವರು ವ್ಯಾಯಾಮಕ್ಕೆ ಬರುವವರು."

"ಹೇಗೆ ಗೊತ್ತು?"

"ಚಡ್ಡಿ ನೋಡಿ."

ಮರುದಿನ ರೂಮಿನವನ ಬಿಗಿ ಚಡ್ಡಿ ಹಾಕಿಕೊಂಡು ಹೋದೆ. ಗಾರ್ಡ್ ಮೇಲಿಂದ ಕೆಳಗೆ ಎರಡು ಸಲ ನೋಡಿದ. "ಚಡ್ಡಿ ಸರಿ ಉಂಟು. ಆದರೆ ವ್ಯಾಯಾಮಕ್ಕೆ ಹೋಗುವವರು ಮೂರು ಅಂತಸ್ತಿನ ಟಿಫಿನ್ ಕಟ್ಟಿಕೊಂಡು ಹೋಗುವುದಿಲ್ಲ."

೨. ದುರ್ಬೀನಿನವನು

ಆಮೇಲೆ ಗಾರ್ಡ್ ಚಹಾಕ್ಕೆ ಹೋದಾಗ ನುಸುಳತೊಡಗಿದೆ. ಎರಡನೇ ಕೆರೆಯ ಹತ್ತಿರ ಒಬ್ಬ ದುರ್ಬೀನು ಹಿಡಿದು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ನನ್ನ ಮೇಲೆ ಇಟ್ಟ ಗೂಢಚಾರ ಎಂದು ಖಾತ್ರಿಯಾಯಿತು. ಮೂರು ದಿನ ತಲೆ ತಗ್ಗಿಸಿ ಹೋದೆ. ನಾಲ್ಕನೇ ದಿನ ಬ್ರೇಕ್ ಹಾಕಿದೆ.

"ನನ್ನ ಬಗ್ಗೆ ಎಂತ ಬರೆದೆ? ತೋರಿಸು!"

ಅವನು ಪುಸ್ತಕ ಕೊಟ್ಟ. ಪುಟ ತುಂಬ ಹಕ್ಕಿಗಳ ಲೆಕ್ಕ: ಬೆಳ್ಳಕ್ಕಿ, ರಾಜಹಂಸ, ಬಾತುಕೋಳಿ. ನನ್ನ ಬಗ್ಗೆ ಒಂದಕ್ಷರವಿಲ್ಲ! ನನಗೆ ಇನ್ನೂ ಸಿಟ್ಟು ಬಂತು. "ದಿನಾ ಇಲ್ಲಿ ಹಾದುಹೋಗುವ ಮನುಷ್ಯ ನಿನ್ನ ಕಣ್ಣಿಗೆ ಬಾತುಕೋಳಿಗಿಂತ ಕಡೆಯಾ?"

ಪಾಪ, ಅಲ್ಲೇ ಪೆನ್ನು ತೆಗೆದು ಕೊನೆಯ ಸಾಲು ಸೇರಿಸಿದ: 'ಸಿಟ್ಟಿನ ಮನುಷ್ಯ, ಒಂದು.'

೩. ಅಮ್ಮ ಕಳಿಸಿದ್ದು

ರಜೆ ಮುಗಿಸಿ ಉಡುಪಿಯಿಂದ ಬರುವವನ ಬ್ಯಾಗು ಅವನದ್ದಲ್ಲ. ನನ್ನ ಬ್ಯಾಗಿನಲ್ಲಿ ನನ್ನದೆಂದರೆ ಒಂದು ಟವೆಲ್ಲು. ಉಳಿದದ್ದೆಲ್ಲ ಅವರಮ್ಮ ಇವರಮ್ಮ ಇಲ್ಲಿರುವ ಮಕ್ಕಳಿಗೆಂದು ಕೊಟ್ಟ ಪೊಟ್ಟಣ. ಅವನ್ನು ಸೈಕಲ್ಲಿನ ಕ್ಯಾರಿಯರ್ ಡಬ್ಬಕ್ಕೆ ತುಂಬಿ ಗೇಟಿಗೆ ಬಂದೆ.

"ಡೆಲಿವರಿಯಾ?" ಗಾರ್ಡ್ ಕೇಳಿದ.

"ಅಲ್ಲ! ಎಷ್ಟು ಸಲ ಹೇಳಬೇಕು?"

"ಡಬ್ಬ ತೆಗಿ."

ತೆಗೆದೆ. ಆರು ಪೊಟ್ಟಣ. ಪ್ರತಿಯೊಂದರ ಮೇಲೂ ದಪ್ಪ ಮಾರ್ಕರಿನಲ್ಲಿ ಹೆಸರು, ವಿಲ್ಲಾ ನಂಬರು. ಒಣಸಿಗಡಿಯ ವಾಸನೆಗೆ ಗಾರ್ಡ್ ಎರಡು ಹೆಜ್ಜೆ ಹಿಂದೆ ಸರಿದು, ಬೋರ್ಡಿನ ಕಡೆ ಬೆರಳು ತೋರಿಸಿದ.

ಅಷ್ಟರಲ್ಲಿ ಫೋನು. ಅದೇ ಕಾಂಪೌಂಡಿನ ಹೆಂಗಸು, ನಮ್ಮ ಊರಿನವರೇ. "ಅಣ್ಣಾ, ಎಲ್ಲಿದ್ದೀರಿ ಮಾರಾಯ್ರೆ? ಅಮ್ಮ ಕಳಿಸಿದ ಒಣಸಿಗಡಿ ಬಂತಾ?"

"ಬಂತು. ನಿಮ್ಮ ಗೇಟಿನಲ್ಲಿ ನಿಂತಿದೆ. ಬೋರ್ಡು ಉಂಟಲ್ಲ."

"ಅದು... ಕಮಿಟಿಯಲ್ಲಿ ನಾನೇ ಹೇಳಿ ಹಾಕಿಸಿದ್ದು. ನಿಮ್ಮಂಥವರಿಗೆ ಅಲ್ಲ ಅಣ್ಣಾ."

ಅವರೇ ಕಾರಿನಲ್ಲಿ ಗೇಟಿಗೆ ಬಂದರು. ಡಿಕ್ಕಿ ತೆರೆದು ಕೈಚಾಚಿದರು. ನಾನು ಡಬ್ಬ ಮುಚ್ಚಿದೆ. "ಮೊದಲು ಬೋರ್ಡು ತೆಗೆಸಿ."

"ಕಮಿಟಿ ಸೇರಬೇಕಲ್ಲ, ಒಂದು ತಿಂಗಳಾಗ್ತದೆ."

"ಆಗಲಿ. ಒಣಸಿಗಡಿ ಹಾಳಾಗುವುದಿಲ್ಲ."

ಆರೂ ಪೊಟ್ಟಣ ಈಗ ನನ್ನ ಮಂಚದ ಕೆಳಗಿವೆ. ವಾಸನೆಗೆ ರೂಮಿನವರು ನನ್ನನ್ನೇ ಹೊರಗೆ ಹಾಕುವ ಮಾತಾಡುತ್ತಿದ್ದಾರೆ. ಆದ್ದರಿಂದ ಊರಿನ ಅಮ್ಮಂದಿರೇ, ಇವತ್ತೇ ಮಕ್ಕಳಿಗೆ ಫೋನ್ ಮಾಡಿ. ಊಟ ಆಯಿತಾ ಎಂದು ಆಮೇಲೆ ಕೇಳಿ. ಮೊದಲು ಕೇಳಿ: "ನಿಮ್ಮ ಗೇಟಿನಲ್ಲಿ ಸೈಕಲ್ ಬಿಡ್ತಾರಾ?" ಇಲ್ಲ ಎಂದರೆ ಒಂದು ಹಪ್ಪಳವನ್ನೂ ಕಳಿಸಬೇಡಿ!