ಹುಡುಕುವ ಯಂತ್ರಕ್ಕೆ ಮಾಮು ಹಾಜರಿ ಹಾಕಿದ್ದು

ಲೋಕದಲ್ಲಿರುವ ಗಾಬರಿಯಲ್ಲಿ ಅರ್ಧದಷ್ಟು ನಮ್ಮ ಮಾಮುವಿನದೇ ಎಂದರೆ ನೀವು ನಂಬಲಿಕ್ಕಿಲ್ಲ. ಉಳಿದ ಅರ್ಧ ಅವರ ಸಹವಾಸದಿಂದ ನಮಗೆಲ್ಲ ಅಂಟಿಕೊಂಡದ್ದು! ಮಾಮು ಎಂದರೆ ನಮ್ಮ ತಾಯಿಯ ತಮ್ಮ. ಮುಂಡರಗಿ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿ, ಹೆಡ್‌ಮಾಸ್ತರರಾಗಿ ನಿವೃತ್ತರಾಗಿ, ಈಗ ಮುಂಡರಗಿಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಮನೆಯೊಳಗೆ ನಮ್ಮದು ಉರ್ದು. ಆದರೆ ಮಾಮು ಗಾಬರಿಯಾದ ಕೂಡಲೇ ಸಾಲೆಯ ಕನ್ನಡಕ್ಕೆ ಬಂದುಬಿಡುತ್ತಾರೆ. ಹೀಗಾಗಿ ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಉರ್ದು ಕೇಳಿದ್ದು ಎರಡೋ ಮೂರೋ ಸಲ, ಅಷ್ಟೇ.

ಕಿಟಕಿಯಿಂದ ಟವೆಲ್ ಒಗೆದು ಬಸ್ಸಿನಲ್ಲಿ ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಬರುವ ವಿದ್ಯೆ. ಮಾಮು ಗದಗಿಗೆ ಹೊರಟರೆ ಎರಡು ಬಸ್ಸಿಗೆ ಟವೆಲ್ ಒಗೆಯುತ್ತಾರೆ. ಒಂದು ದಾರಿಯಲ್ಲಿ ಕೆಟ್ಟು ನಿಂತರೆ? ಎರಡನೆಯ ಬಸ್ಸು ಯಾವ ಊರಿಗೆ ಹೋಗುತ್ತದೆ ಎಂದು ಬೋರ್ಡು ಓದುವಷ್ಟು ವ್ಯವಧಾನ ಅವರಿಗೆ ಇರುವುದಿಲ್ಲ. "ನಮ್ಮ ಮನ್ಯಾಗ ಮೈ ಒರಸಿಕೊಳ್ಳಾಕ ಒಂದು ಟವೆಲ್ ಉಳದಿಲ್ಲ. ಎಲ್ಲಾ ಹೊಳಿ ದಾಟಿ ಹಡಗಲಿ ಸೇರ್‍ಯಾವು" ಎಂದು ಮುಮಾನಿ, ಅಂದರೆ ಅವರ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಾರೆ.

ಇಂಥ ಮನುಷ್ಯನ ಕೈಗೆ ನಾನು ಒಂದು ಹುಡುಕುವ ಯಂತ್ರ ಕೊಟ್ಟೆ. ತಪ್ಪು ನನ್ನದೇ!

ಆದದ್ದು ಹೀಗೆ. ಮಾಮು ಸಾಲೆಯಲ್ಲಿದ್ದಷ್ಟು ವರ್ಷವೂ ದಿನಚರಿ ಬರೆದವರು. ಆ ದಿನ ಗಂಟೆ ಹೊಡೆದವರು ಯಾರು, ಹೊಳೆ ಎಷ್ಟು ಏರಿತ್ತು, ಬೇವಿನ ಗಿಡದಿಂದ ಬಿದ್ದವನು ಯಾರು, ಯಾಕೆ ಬಿದ್ದ, ಬಿದ್ದ ಮೇಲೆ ಏನೆಂದ, ಎಲ್ಲವೂ ಅದರಲ್ಲಿವೆ. ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಅದನ್ನೆಲ್ಲ ಟೈಪು ಮಾಡಿದರು. ನಾನು ಬೆಟಗೇರಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವಳಾದ್ದರಿಂದ ಅದಕ್ಕೊಂದು ವೆಬ್‌ಸೈಟು ಮಾಡಿಕೊಟ್ಟೆ. ಎಂಟುನೂರಕ್ಕೂ ಹೆಚ್ಚು ಪುಟ! ಜಿಲ್ಲೆ ಬೇರೆಯಾಗಿ ಎಷ್ಟೋ ವರ್ಷವಾಗಿದ್ದರೂ ಮೊದಲ ಪುಟದಲ್ಲಿ "ಹೊಸ ಗದಗ ಜಿಲ್ಲೆ" ಎಂದೇ ಹಾಕಿಸಿದರು. ಜಿಲ್ಲೆ ಮತ್ತೆ ಧಾರವಾಡಕ್ಕೆ ಕೂಡಿಕೊಂಡರೆ ತಿದ್ದಲು ಸುಲಭವಾಗಲಿ ಎಂಬ ದೂರಾಲೋಚನೆ ಅವರದು.

ಪುಟ ಹೆಚ್ಚಾದಂತೆ ಹೊಸ ಚಿಂತೆ ಶುರುವಾಯಿತು. "ಸರ, ನಾಟಕದಾಗ ನನ್ನ ಮೀಸಿ ಕಿತ್ತು ಬಿದ್ದಿತ್ತಲ್ರಿ, ಅದು ಯಾವ ಪುಟದಾಗೈತ್ರಿ?" ಎಂದು ಯಾರಾದರೂ ಫೋನು ಮಾಡುವರು. ಮಾಮು ಊಟ ಬಿಟ್ಟು ಒಂದನೆಯ ಪುಟದಿಂದ ಓದುತ್ತ ಕೂಡುವರು. ಹುಡುಕಿಕೊಂಡು ಬಂದವನು ಸಿಗದೆ ಹೋದರೆ ಹೇಗೆ ಎಂಬುದೇ ಅವರ ಸಂಕಟ. ಅವರ ರಕ್ತದೊತ್ತಡಕ್ಕೆ ಹೆದರಿ ನಾನು ಒಂದು ಉಪಾಯ ಹೇಳಿದೆ. ಹುಡುಕುವುದಕ್ಕೆಂದೇ ಒಂದು ತಂತ್ರಾಂಶ ಇದೆ, ಪುಕ್ಕಟೆ ಸಿಗುತ್ತದೆ, ಅದರ ಒಳಗಿನ ಬರಹವೆಲ್ಲ ಮುಕ್ತ, ಯಾರು ಬೇಕಾದರೂ ತೆಗೆದು ನೋಡಬಹುದು ಎಂದೆ.

"ಯಾರು ಬೇಕಾದ್ರೂ ಅಂದ್ರ? ಕಳ್ಳರೂ ನೋಡಬಹುದೇನು?"

"ನೋಡಬಹುದು ಮಾಮು. ಆದ್ರ ಒಳ್ಳೇವರೂ ನೋಡ್ತಾರಲ್ರಿ. ತಪ್ಪು ಕಂಡ್ರ ತಿದ್ದತಾರ."

"ತಿದ್ದತಾರ ಅಂದ್ರ ತಪ್ಪು ಅದಾವು ಅಂತಾತು!"

ಮರುವಾರ ಹೋದಾಗ ಆ ತಂತ್ರಾಂಶದ ಒಂದಿಷ್ಟು ಭಾಗವನ್ನು ಪ್ರಿಂಟು ತೆಗೆಸಿ, ಕೆಂಪು ಪೆನ್ನು ಹಿಡಿದು ಕೂತಿದ್ದರು. ಒಂದಕ್ಷರವೂ ಅರ್ಥವಾಗದಿದ್ದರೂ ಕೊನೆಗೆ "ಅಕ್ಷರ ಸುಂದರ, ಅಭ್ಯಾಸ ಸಾಲದು" ಎಂದು ಬರೆದು ಸಹಿ ಹಾಕಿಟ್ಟಿದ್ದರು.

ಅಂತೂ ಒಂದು ಭಾನುವಾರ ಮುಂಡರಗಿಗೆ ಹೋಗಿ ಅದನ್ನು ಕೂರಿಸಿದೆ. ಅದು ಒಂದೊಂದೇ ಪುಟ ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಕೊಳ್ಳುತ್ತದೆ, ಆಮೇಲೆ ಕೇಳಿದವರಿಗೆ ಆ ಪಟ್ಟಿ ನೋಡಿ ಹೇಳುತ್ತದೆ ಎಂದು ವಿವರಿಸಿದೆ. ಮಾಮುವಿನ ಮುಖ ಬಾಡಿತು.

"ಎಂಟನೂರು ಪುಟ ಒಮ್ಮೆಲೆ ಓದಿಸಿದ್ರ ಅದರ ತಲಿ ಕೆಡಂಗಿಲ್ಲೇನು? ನಡುವ ಒಂದು ಸಣ್ಣ ಸೂಟಿ ಕೊಡು."

ಅವರ ಸಮಾಧಾನಕ್ಕೆ ಸೂಟಿಯನ್ನೂ ಕೊಟ್ಟೆವು. ಯಂತ್ರಕ್ಕೆ ವಿಶ್ರಾಂತಿ, ನಮಗೆ ಚಹಾ! ಆಮೇಲೆ ಅದು ಓದಿ ಮುಗಿಸಿ ಲೆಕ್ಕ ತೋರಿಸಿತು. ಎಂಟುನೂರಾ ಹನ್ನೊಂದು ಪುಟ. ನಾನು ಬೆಟಗೇರಿಯ ಬಸ್ಸು ಹತ್ತಿದೆ.

ದಿನಚರಿಯ ಪುಟಗಳಿಗೆಂದೇ ಇಟ್ಟಿದ್ದ ಹಾಜರಿ ಪುಸ್ತಕವನ್ನು ಮಾಮು ತೆಗೆದದ್ದು ನಾನು ಹೋದ ಮೇಲೆ. ಅವರ ಪಟ್ಟಿಯಲ್ಲಿ ಎಂಟುನೂರಾ ಹನ್ನೆರಡು ಇದ್ದವು. ಒಂದು ಪುಟ ಗೈರುಹಾಜರು! ಇಡೀ ಸೇವೆಯಲ್ಲಿ ಒಂದು ಮಗು ಸಾಲೆಗೆ ಬರದಿದ್ದರೆ ಮನೆಯವರೆಗೆ ನಡೆದುಕೊಂಡು ಹೋಗಿ ಕರೆತಂದ ಮನುಷ್ಯ ಸುಮ್ಮನಿರುತ್ತಾರೆಯೇ? ಅದು ಅವರಿಗೆ ಜ್ವರ ಬಂದು ಏನನ್ನೂ ಬರೆಯದ ದಿನದ ಖಾಲಿ ಪುಟ, ಖಾಲಿ ಪುಟವನ್ನು ಯಂತ್ರ ಬಿಟ್ಟುಬಿಡುತ್ತದೆ ಎಂದು ಹೇಳಲು ನಾನಿರಲಿಲ್ಲ. ಯಂತ್ರ ಯಾವ ಫೋಲ್ಡರನ್ನು ಓದಬೇಕು ಎಂದು ಬರೆಯುವ ಸಾಲೊಂದು ಇತ್ತು. ನಾನು ದಿನಚರಿಯ ಫೋಲ್ಡರಿನ ಹೆಸರನ್ನಷ್ಟೇ ಅಲ್ಲಿ ಹಾಕಿದ್ದೆ. ಮಾಮು ಅದನ್ನು ಅಳಿಸಿ, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡ ಫೋಲ್ಡರಿನ ಹೆಸರು ಬರೆದು, ಮತ್ತೆ ಓದಲು ಹಚ್ಚಿದರು. ತಪ್ಪಿಸಿಕೊಂಡವನು ಎಲ್ಲಿ ಅಡಗಿದ್ದರೂ ಸಿಗಲಿ ಎಂದು!

ಈ ಸಲ ಒಂಬೈನೂರಾ ಐವತ್ಮೂರು ಬಂತು. "ಬೇಟಿ, ಎಲ್ಲಾರೂ ಬಂದಾರ! ಹೆಚ್ಚಿನವರೂ ಬಂದಾರ!" ಎಂದು ಫೋನಿನಲ್ಲಿ ಕೂಗಿದರು. ನಾನು ಕ್ಲಾಸಿನ ಗದ್ದಲದಲ್ಲಿದ್ದೆ. "ಚಲೋ ಆತು ಮಾಮು" ಎಂದು ಫೋನಿಟ್ಟೆ. ಪಟ್ಟಿಗಿಂತ ಹಾಜರಿ ಹೆಚ್ಚಾದರೆ ಯಾವ ಮಾಸ್ತರನಾದರೂ ಬೆಚ್ಚಬೇಕು. ಜೀವನವಿಡೀ ಎಲ್ಲದಕ್ಕೂ ಹೆದರಿದವರು ಹೆದರಲೇಬೇಕಾದ ಆ ಒಂದು ದಿನ ಮಾತ್ರ ಹೆದರಲಿಲ್ಲ! ಬದಲಿಗೆ ಹಳೆಯ ವಿದ್ಯಾರ್ಥಿಗಳ ಮೊಬೈಲ್ ಗುಂಪಿನಲ್ಲಿ, ಎಲ್ಲರೂ ತಮ್ಮ ತಮ್ಮ ಹೆಸರು ಹಾಕಿ ಹುಡುಕಿ ಆನಂದಿಸಬೇಕೆಂದು ಪ್ರಕಟಣೆ ಹೊರಡಿಸಿದರು.

ಮರುದಿನ ಮುಂಜಾನೆ ಮೊದಲ ಫೋನು ಬಂದದ್ದು ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರಿಂದ.

"ಸರ, ನನ್ನ ಹೆಸರು ಹಾಕಿ ಅಂಗಡ್ಯಾಗ ಎಲ್ಲಾರಿಗೂ ತೋರಿಸಿದ್ನಿರಿ. 'ಗಣಿತದಲ್ಲಿ ಸೊನ್ನೆ. ಗಂಟೆ ಹೊಡೆಯುವುದಕ್ಕೆ ಲಾಯಕ್ಕು. ಆದರೆ ಸುಳ್ಳು ಹೇಳುವುದಿಲ್ಲ' ಅಂತ ಬಂತ್ರಿ. ಗುಮಾಸ್ತರು ಇನ್ನೂ ನಗಾಕತ್ತಾರ!"

ಆ ಸಾಲು ದಿನಚರಿಯದಲ್ಲ. ಮಾಮು ಇನ್ನೊಂದು ವಹಿ ಇಟ್ಟಿದ್ದರು. ಯಾರಿಗೂ ತೋರಿಸದ ವಹಿ. ಯಾವ ಮಗು ಉಣ್ಣದೆ ಬಂದಿತ್ತು, ಯಾರ ಮನೆಯಲ್ಲಿ ಏನು ಜಗಳ, ಯಾರನ್ನು ಹೇಗೆ ಸಂಭಾಳಿಸಬೇಕು ಎಂದು ಮಕ್ಕಳ ಬಗ್ಗೆ ಖರೆ ಖರೆ ಬರೆದಿಟ್ಟದ್ದು. ಗೆದ್ದಲು ತಿಂದುಬಿಟ್ಟರೆ ಎಂಬ ಭಯದಿಂದ ತಾವೇ ಒಂದು ಬೆರಳಿನಲ್ಲಿ ಟೈಪು ಮಾಡಿ ಆ ದೊಡ್ಡ ಫೋಲ್ಡರಿನ ಮೂಲೆಯಲ್ಲಿ ಇಟ್ಟಿದ್ದರು. ವೆಬ್‌ಸೈಟಿನ ಯಾವ ಪುಟದಿಂದಲೂ ಅದಕ್ಕೆ ದಾರಿ ಕೊಟ್ಟಿರಲಿಲ್ಲ. ಬಾಗಿಲೇ ಇಲ್ಲದ ಕೋಣೆಗೆ ಯಾರು ಬರುತ್ತಾರೆ ಎಂಬ ಧೈರ್ಯ. ಯಂತ್ರವನ್ನು ಕೈಹಿಡಿದು ಒಳಗೆ ಕರೆದೊಯ್ದವರು ತಾವೇ ಎಂದು ಮಾಮುವಿಗೆ ಆಗ ಹೊಳೆಯಿತು.

ಹತ್ತು ಗಂಟೆಗೆಲ್ಲ ಮಾಮು ಬೆಟಗೇರಿಯ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮುಮಾನಿಯದು.

"ನಿಂಗವ್ವ ನೋಡೋದ್ರಾಗ ತಗಿ, ಬೇಟಿ! ಉಳದವರು ಬೈದ್ರೂ ಬೈಸ್ಕೋತೀನಿ. ನಿಂಗವ್ವ ನೋಡಬಾರದು!"

ನಿಂಗವ್ವ ಈಗ ಶಿರಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಸಾಲೆಯ ಅಕ್ಕೋರು, ಅಂದರೆ ಶಿಕ್ಷಕಿ. ಮಾಮುವಿನ ಹತ್ತಿರ ಏಳನೆಯ ತರಗತಿ ಕಲಿತವಳು. ಆ ಪುಟ ತೆರೆದು ಓದಿದಾಗ ಅವರ ನಡುಕದ ಕಾರಣ ನನಗೆ ಗೊತ್ತಾಯಿತು. "ನಿಂಗವ್ವನನ್ನು ಸಾಲೆ ಬಿಡಿಸುವ ವಿಚಾರದಲ್ಲಿದ್ದಾರೆ. ಸುಮ್ಮನೆ ಕೊಟ್ಟರೆ ಪುಸ್ತಕ ತೆಗೆದುಕೊಳ್ಳುವ ಹುಡುಗಿ ಅಲ್ಲ, ಬಹಳ ಸ್ವಾಭಿಮಾನಿ. ತಾಲೂಕು ಮಟ್ಟದ ಪ್ರಬಂಧ ಸ್ಪರ್ಧೆ ಎಂದು ಹೇಳಿ ಬರೆಸಿದೆ. ಸ್ಪರ್ಧೆ ಇರಲಿಲ್ಲ. ಬರೆದವಳು ಅವಳೊಬ್ಬಳೇ. ಮೊದಲ ಬಹುಮಾನ ಕೊಟ್ಟೆ. ತಂದೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಇನ್ನು ಬಿಡಿಸಲಿಕ್ಕಿಲ್ಲ."

ಬಹುಮಾನವೆಂದರೆ ಎಂಟನೆಯ ತರಗತಿಯ ಪುಸ್ತಕಗಳು, ಎರಡು ಜೊತೆ ಬಟ್ಟೆ, ಮಾಮು ತಾವೇ ಬರೆದ ಒಂದು ಪ್ರಶಸ್ತಿಪತ್ರ. ಆ ಪತ್ರ ಈಗಲೂ ನಿಂಗವ್ವನ ಮನೆಯ ಗೋಡೆಯ ಮೇಲೆ ಗಾಜಿನೊಳಗಿದೆಯಂತೆ. ಅವಳ ಹೊಸ ಮನೆಯ ಊಟಕ್ಕೆ ಹೋದಾಗ ಅದನ್ನು ನೋಡಿ ಮಾಮು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರಂತೆ. ಇಡೀ ತಾಲೂಕಿಗೆ ಮೊದಲಿಗಳಾಗಿ ಬಂದ ಕತೆಯನ್ನು ಅವಳು ತನ್ನ ಸಾಲೆಯ ಹುಡುಗಿಯರಿಗೆ ವರ್ಷ ವರ್ಷವೂ ಹೇಳುತ್ತಾಳೆ.

"ಆ ಬಹುಮಾನದ ಮ್ಯಾಲ ಆಕಿ ತನ್ನ ಜೀವನಾ ಕಟ್ಟಿಕೊಂಡಾಳ. ಅದ ಸುಳ್ಳು ಅಂತ ಗೊತ್ತಾದ್ರ ಆಕಿಗೆ ಹೆಂಗ ಆಗಬೇಕು, ಹೇಳು?"

ಪುಟವನ್ನು ಅಳಿಸಿದೆ. ಮಾಮು ತಮ್ಮ ಮೊಬೈಲಿನಲ್ಲಿ ಅವಳ ಹೆಸರು ಹಾಕಿ ಹುಡುಕಿ, ಅಯ್ಯೋ ಎಂದು ಅದನ್ನು ನನ್ನ ಮುಂದೆ ಹಿಡಿದರು. ಪುಟ ಹೋಗಿದ್ದರೂ ಅದರ ಮೂರು ಸಾಲು ಉತ್ತರದಲ್ಲಿ ಬರುತ್ತಲೇ ಇದ್ದವು! ಅಳಿಸಿದ್ದು ಪುಟವನ್ನು, ಯಂತ್ರ ಓದಿ ಇಟ್ಟುಕೊಂಡ ಪಟ್ಟಿಯನ್ನಲ್ಲ ಎಂದು ನನಗೆ ನೆನಪಾಯಿತು. ಆ ಪಟ್ಟಿಯನ್ನೂ ಕಿತ್ತು ಹಾಕಿ, ದಿನಚರಿಯನ್ನಷ್ಟೇ ಮೊದಲಿನಿಂದ ಓದಲು ಹಚ್ಚಿದೆ. ಮಾಮು ಪರದೆಯ ಮೇಲಿನ ಅಂಕಿ ಏರುವುದನ್ನು ನೋಡುತ್ತ, "ಜಲ್ದಿ, ಜಲ್ದಿ" ಎಂದು ಯಂತ್ರಕ್ಕೆ ಕೈ ಮುಗಿಯುತ್ತಿದ್ದರು. ಈ ಸಲ ಸೂಟಿಯ ಮಾತೇ ಬರಲಿಲ್ಲ.

ಅದು ಓದುತ್ತಿರುವಾಗ ನಾನು ಇನ್ನೊಂದು ಕೆಲಸ ಮಾಡಿದೆ. ಬಂದವರು ಏನು ಹುಡುಕಿದರು, ಯಾವ ಪುಟ ತೆರೆದರು ಎಂಬುದನ್ನು ಈ ತಂತ್ರಾಂಶ ಸಾಲಾಗಿ ಬರೆದಿಡುತ್ತದೆ. ಅದನ್ನು ತೆಗೆದು ನೋಡಿದೆ. ಬಟ್ಟೆ ವ್ಯಾಪಾರಿಯ ಹೆಸರಿಗಿಂತ ಮೊದಲೇ ನಿಂಗವ್ವನ ಹೆಸರಿತ್ತು. ಅದರ ಮುಂದೆ "ಪ್ರಬಂಧ ಬಹುಮಾನ" ಎಂದಿತ್ತು. ನಸುಕಿನಲ್ಲಿ ಯಾರೋ ಹುಡುಕಿ, ಆ ಪುಟವನ್ನೇ ತೆರೆದಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದಿದ್ದರು. ಮತ್ತೊಮ್ಮೆ ತೆರೆದಿದ್ದರು. ಮಾಮುವಿಗೆ ಕಾಣದಂತೆ ಅದನ್ನು ಮುಚ್ಚಿದೆ.

ಅಷ್ಟರಲ್ಲಿ ಮಾಮುವಿನ ಫೋನು ಹೊಡೆದುಕೊಂಡಿತು. ನಿಂಗವ್ವ! ಒಂದು ಮಾತೂ ತಪ್ಪಿಹೋಗಬಾರದೆಂದು ಮಾಮು ಯಾವಾಗಲೂ ಫೋನನ್ನು ಜೋರಾಗಿ ಕೇಳಿಸುವಂತೆಯೇ ಇಡುತ್ತಾರೆ.

"ಸರ, ನಮಸ್ಕಾರ್‍ರಿ. ನಿಮ್ಮ ಹುಡುಕೂದು ನೋಡಿದ್ನಿರಿ. ನನ್ನ ಹೆಸರು ಹಾಕಿದೆ. ಏನೂ ಬರಲಿಲ್ರಿ."

"ಏನೂ ಬರಲಿಲ್ಲ?"

"ಏನೂ ಇಲ್ರಿ. ಅದು ಕೆಟ್ಟಿರಬೇಕ್ರಿ."

"ಹೌದವಾ, ಹೌದು! ಕೆಟ್ಟೈತಿ! ಪೂರಾ ಕೆಟ್ಟೈತಿ!" ಎಂದು ಮಾಮು ಅಷ್ಟೊಂದು ಸಂತೋಷದಿಂದ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕುರ್ಚಿಗೆ ಒರಗಿ ನನ್ನ ಕಡೆ ನೋಡಿ ನಕ್ಕರು. ನನಗೆ ನಗಲಾಗಲಿಲ್ಲ.

"ಸರ, ಇನ್ನೊಂದು ಕೇಳೂದಿತ್ರಿ," ಎಂದಳು ನಿಂಗವ್ವ. "ನಮ್ಮ ಸಾಲ್ಯಾಗ ಒಂದು ಪ್ರಬಂಧ ಸ್ಪರ್ಧಾ ಇಡಬೇಕಂತ ಮಾಡೇನ್ರಿ. ಬಹುಮಾನ ನಿಮ್ಮ ಕೈಲೆ ಕೊಡಸ್ಬೇಕ್ರಿ."

"ಅದಕ್ಕೇನವಾ, ಬರ್ತೀನಿ. ಎಷ್ಟು ಹುಡುಗ್ರು ಬರೀತಾರ?"



"ಒಬ್ಬಾಕಿನ ರೀ ಸರ. ಸಾಲಿ ಬಿಡಸ್ತಾರಂತ್ರಿ."

ಮಾಮುವಿನ ನಗು ನಿಂತಿತು. ಇವರು ಈಗ ಕುಸಿಯುತ್ತಾರೆ ಎಂದು ನಾನು ಕುರ್ಚಿ ಹಿಡಿದುಕೊಂಡೆ. ಆದರೆ ಮಾಮು ನೆಟ್ಟಗೆ ಕೂತರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ.

"ನಿಂಗವ್ವ, ಒಬ್ಬಾಕಿನ ಅಂತ ಆ ಹುಡುಗಿಗೆ ಯಾವತ್ತೂ ಗೊತ್ತಾಗಬಾರದು ನೋಡು."

"ಇಲ್ರಿ ಸರ."

"ನಾ ಮಾಡಿದಂಗ ಮಾಡಬ್ಯಾಡವಾ. ಎಲ್ಲೂ ಬರದಿಡಬ್ಯಾಡ."

"ಇಲ್ರಿ ಸರ" ಎನ್ನುವಷ್ಟರಲ್ಲಿ ಅವಳ ದನಿ ಒಡೆದುಹೋಯಿತು. ಈ ಕಡೆ ನಾವಿಬ್ಬರೂ ಅಳುತ್ತಿದ್ದೆವು.