ಕೆಮ್ಮಲಾರದ ಮಿಷನ್ನು

ನನ್ನ ಹೆಂಡತಿ ಆದಿಲಕ್ಷ್ಮಮ್ಮ ಕೆಮ್ಮಿದರೆ ಮೂರನೆಯ ಮನೆಯವರು ಎದ್ದು ಕೂರುತ್ತಾರೆ. ಅಂಥ ಕೆಮ್ಮನ್ನೇ ಸುಳ್ಳು ಅಂದ ಮಿಷನ್ನಿನ ಮೇಲೆ ನನಗೆ ಸಿಟ್ಟು ಬಂದದ್ದು ತಪ್ಪೇ, ನೀವೇ ಹೇಳಿ. (ನನ್ನ ಸಿಟ್ಟಿಗೆ ಕಾರಣವೇ ಬೇಕಿಲ್ಲ ಅನ್ನುತ್ತಾಳೆ ಅವಳು. ಆ ಮಾತಿಗೂ ನನಗೆ ಸಿಟ್ಟು ಬರುತ್ತದೆ.)

ನಮ್ಮದು ಚಾಂಪಿಯನ್ ರೀಫ್ಸ್. ಗಣಿ ಮುಚ್ಚಿತು, ಚಿನ್ನ ಹೋಯಿತು, ಚಿನ್ನ ತೆಗೆದು ಸುರಿದ ಅದಿರಿನ ಪುಡಿಯ ಸೈನೈಡ್ ದಿಬ್ಬ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಗಾಳಿ ಬೀಸಿದರೆ ಅದರ ಪುಡಿ ಅನ್ನದ ತಟ್ಟೆಗೇ ಬಂದು ಕೂರುತ್ತದೆ. ಗಾಳಿ ಪರೀಕ್ಷೆ ಮಾಡುವ ಆಶಾರಾಣಿ ಮೇಡಂ ನಮ್ಮ ತಾರಸಿಯ ಮೇಲೊಂದು ಮಿಷನ್ನು ಕೂರಿಸಿ, ಮೂರು ತಿಂಗಳು ಅಳೆಯುತ್ತೇವೆ, ಗಾಳಿ ಕೆಟ್ಟದ್ದು ಅಂತ ಬಂದರೆ ದಿಬ್ಬಕ್ಕೆ ಮಣ್ಣು ಹೊದಿಸಿ ಗಿಡ ನೆಡಿಸುತ್ತೇವೆ ಅಂದರು. ಇಡೀ ಬೀದಿಗೆ ನಾನು ವಾಯುದೇವನ ಏಜೆಂಟನಾದೆ. ಮಂಡಿನೋವಿನಿಂದ ಏಣಿ ಹತ್ತಲಾರೆ. ಬಟ್ಟೆ ಒಣಹಾಕಲು ಮೇಲೆ ಹೋಗುವ ಹೆಂಡತಿಗೇ ಅದರ ಉಸ್ತುವಾರಿ ವಹಿಸಿ, ಜೋಪಾನ ಮಾಡದಿದ್ದರೆ ಸುಮ್ಮನಿರುವುದಿಲ್ಲ ಅಂತ ಗದರಿದೆ.

ಮಿಷನ್ನಿನ ಮಾತು ಫೋನಿನಲ್ಲಿ ಕಾಣುತ್ತಿತ್ತು. ಹಸಿರು ಬಣ್ಣ, ‘ಉತ್ತಮ’. ಪುಡಿ ಎದ್ದು ಎದುರುಮನೆಯೇ ಕಾಣದ ದಿನವೂ ಉತ್ತಮ. ಊಟಿಗೆ ಹೋಗುವ ಖರ್ಚು ಉಳಿಯಿತಲ್ಲಣ್ಣಾ ಅಂತ ಪಕ್ಕದ ಮನೆಯ ಸೆಲ್ವರಾಜ್ ಹಂಗಿಸಿದ. ಒಳಗೆ ಇವಳು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಳು.

ಓದಿದ್ದು ಕಡಿಮೆಯಾದರೂ ಪರೀಕ್ಷಕರನ್ನೇ ಪರೀಕ್ಷಿಸುವ ಮಹಾಸಂಕಲ್ಪ ಮಾಡಿದೆ. ಮೂರು ತಿಂಗಳು ಮುಗಿದು ಮೇಡಂ ಬಂದ ದಿನ, ತಾರಸಿಯ ಕೆಳಗೇ ಒಲೆ ಹೂಡಿ ಬಾಣಲೆಗೆ ಅರ್ಧ ಕೆಜಿ ಒಣಮೆಣಸಿನಕಾಯಿ ಸುರಿದೆ. ಘಾಟು ತಾರಸಿ ಹತ್ತಿ, ಇಳಿದು, ಬೀದಿಗೆ ನುಗ್ಗಿತು. ಸೆಲ್ವರಾಜ್ ಸೀನಿದ, ಅವನ ನಾಯಿ ಸೀನಿತು, ಮೇಡಂ ಮೂಗಿಗೆ ದುಪಟ್ಟಾ ಹಿಡಿದು ಅತ್ತೇಬಿಟ್ಟರು. ಫೋನು ಮಾತ್ರ ಹಸಿರಾಗಿಯೇ ಇತ್ತು.

“ನೋಡಿ ಮೇಡಂ,” ಅಂದೆ ಕಣ್ಣೊರೆಸಿಕೊಳ್ಳುತ್ತ. “ನಾಯಿಗೆ ಗೊತ್ತಾಗೋದು ನಿಮ್ ಮಿಷನ್ಗೆ ಗೊತ್ತಾಗ್ತಿಲ್ಲ.”

ಮೇಡಂ ಏಣಿ ಹತ್ತಿದರು. ಮೇಲಿಂದಲೇ ಬಗ್ಗಿ ಕೇಳಿದರು, “ಇದಕ್ಕೆ ಲಂಗ ತೊಡಿಸಿದ್ದು ಯಾರು?”

“ನಾನೇ ಕಣಮ್ಮಾ,” ಅಂದಳು ಇವಳು, ಹೆಮ್ಮೆಯಿಂದ. “ಮಿಕ್ಸಿಗೆ ಕವರು ಒಲ್ದಾಗ ರೆಕ್ಸಿನ್ ಮಿಕ್ಕಿತ್ತು. ಧೂಳು ಕೂತ್ರೆ ಕೆಟ್ಟೋಗ್ತದೆ ಅಂತ ಮೊದಲ್ನೇ ದಿನವೇ ತೊಡಿಸಿ ಲಾಡಿ ಬಿಗಿದೆ. ಇವ್ರ ಬಾಯಿಗೆ ಯಾರು ಬೀಳ್ತಾರೆ?”

(ನಮ್ಮ ಮನೆಯಲ್ಲಿ ಟೀವಿ, ಮಿಕ್ಸಿ, ಗ್ಯಾಸ್ ಸಿಲಿಂಡರು ಎಲ್ಲಕ್ಕೂ ಮೈತುಂಬ ಬಟ್ಟೆ. ಬರೀ ಮೈಯಲ್ಲಿ ಓಡಾಡುವವನು ನಾನೊಬ್ಬನೇ.)

ಲಾಡಿ ಬಿಚ್ಚಿದ್ದೇ ತಡ, ಫೋನು ಕೆಂಪಾಯಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಅದು ಮೆಣಸಿನಕಾಯಿಯ ಕೆಂಪು, ಲೆಕ್ಕಕ್ಕಿಲ್ಲ ಅಂದರು ಮೇಡಂ. ಮೂರು ತಿಂಗಳ ಹಸಿರೂ ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಅಳೆಯಿರಿ ಅಂತ ಕೈಮುಗಿದೆ. ಬಂಗಾರಪೇಟೆಯವರು ಕಾಯುತ್ತಿದ್ದಾರೆ ಅಂತ ಮಿಷನ್ನು ಬಿಚ್ಚಿ ಜೀಪಿಗೆ ಹಾಕಿಕೊಂಡರು. ಗಿಡದ ಮಾತು ಮುಂದಿನ ವರ್ಷಕ್ಕೆ ಹೋಯಿತು. ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು.

“ಜೋಪಾನ ಮಾಡು ಅಂದ್ರಿ, ಮಾಡ್ದೆ,” ಅಂದಳು ಇವಳು. “ಅದನ್ನ ಉಸಿರಾಡಕ್ಕೆ ಬಿಡು ಅಂತ ಒಂದ್ ಮಾತು ಏಳಿದ್ರಾ?”

ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು. ಸಮಾ ಬೈಯಬೇಕೆಂದು ಎದೆ ತುಂಬ ಉಸಿರೆಳೆದುಕೊಂಡೆ. ಕೆಮ್ಮು ಬಂತು. ಇವಳು ಬೆನ್ನು ತಟ್ಟಿದಳು. ತಟ್ಟುತ್ತ ತಾನೂ ಕೆಮ್ಮಿದಳು.