ಮದುವೆಯ ಕುದುರೆ ಏರಿ ಖಾನಾಪುರಕ್ಕೆ

ಶಿಸ್ತಿನವರನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಏಕೆ ಬರುತ್ತವೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಮೇಟ್ರನ್. ಒಂದು ನಿಮಿಷ ತಡವಾಗಿ ಬಂದ ನರ್ಸನ್ನೂ ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳುವವಳು. ಅಂಥವಳಿಗೆ ಒಂದೇ ಬೆಳಿಗ್ಗೆ ಇಷ್ಟೆಲ್ಲ ಆಯಿತು.

ಜೀಪು

ಎರಡು ಸಾವಿರದ ಇಸವಿಯ ಆಸುಪಾಸು. ಖಾನಾಪುರದ ಶಾಲೆಯೊಂದರಲ್ಲಿ ಒಂಬತ್ತು ಗಂಟೆಗೆ ಮಕ್ಕಳಿಗೆ ಪೋಲಿಯೋ ಹನಿ ಹಾಕಬೇಕಿತ್ತು. ಹನಿಯ ಐಸ್ ಡಬ್ಬಿ ನನ್ನ ಹೆಗಲಲ್ಲಿ. ಪೀರನವಾಡಿ ಹಿಂದೆ ಬಿದ್ದು ಬಹಳ ಹೊತ್ತಾಗಿತ್ತು. ಖಾನಾಪುರ ಇನ್ನೆರಡು ಮೈಲಿ ಇರುವಾಗ ಜೀಪು ನಿಂತಿತು. ಡ್ರೈವರ್ ಬಾನೆಟ್ ಎತ್ತಿದ, ನೋಡಿದ, ಮುಚ್ಚಿದ.

“ಏನಾಗಿದೆ?”

“ಏನಾಗೈತಿ ಗೊತ್ತಿಲ್ರಿ ಮೇಡಮ್ಮಾರ. ಆದ್ರ ಭಾಳ ಆಗೈತಿ.”

ಹತ್ತುವುದು

ಬಂದ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ಅದರ ಹಿಂದೆ ಒಬ್ಬಾತ ಗೊಂಡೆ ಕಟ್ಟಿದ ಬಿಳಿ ಕುದುರೆಯನ್ನು ಹಿಡಿದುಕೊಂಡು ಖಾನಾಪುರದ ಮದುವೆಗೆ ಹೊರಟಿದ್ದ.

“ಕುದುರೆ ಕೊಡಿ,” ಎಂದೆ.

“ಇದು ವರ ಕುಂದ್ರೂ ಕುದರಿರಿ ಬಾಯಾರ!”

“ವರನಿಗೆ ತಾಳ್ಮೆ ಇರಬಹುದು. ಐಸಿಗೆ ಇಲ್ಲ.”

ನನ್ನ ತಂದೆ ದನಕರುಗಳ ಡಾಕ್ಟರು. ಶಾಲೆಯ ದಿನಗಳಲ್ಲಿ ಪ್ರತಿ ಭಾನುವಾರ ನನ್ನನ್ನು ಕುದುರೆ ಹತ್ತಿಸುತ್ತಿದ್ದರು. ಮದುವೆಯಾದ ಮೇಲೆ ಮೂವತ್ತು ವರ್ಷ ಕುದುರೆ ಮುಟ್ಟಿರಲಿಲ್ಲ. ಅದನ್ನು ಅವರಿಬ್ಬರಿಗೆ ಹೇಳುವ ಅಗತ್ಯ ಕಾಣಲಿಲ್ಲ. ಮೋರಿಯ ಕಟ್ಟೆ ಏರಿ, ಗಂಜಿ ಹಾಕಿದ ಸೀರೆಯ ನೆರಿಗೆ ಸಿಕ್ಕಿಸಿ, ರಿಕಾಬಿನಲ್ಲಿ ಕಾಲಿಟ್ಟು ಒಂದೇ ಸಲಕ್ಕೆ ಹತ್ತಿ ಕುಳಿತೆ.

ಕುದುರೆಯವನು ಬೆರಗಾದ. “ಮದುಮಕ್ಕಳನ್ನ ನಾಕ್ ಮಂದಿ ಎತ್ತಿ ಕುಂದ್ರಸ್ತೀವ್ರಿ. ಅವರು ಅಂಜಿ ನಡಗ್ತಿರ್ತಾರ.”

“ಕುದುರೆಗೆ ಅಷ್ಟು ಅಂಜುತ್ತಾರೆಯೇ?”

“ಕುದರಿಗಲ್ರಿ.”

ನಡಿಗೆ

ಹತ್ತು ಹೆಜ್ಜೆ ನಡೆದ ಕುದುರೆ ನಿಂತುಬಿಟ್ಟಿತು.

“ಮುಂದ ಮಂದಿ ಕುಣೀಬೇಕ್ರಿ,” ಎಂದ ಕುದುರೆಯವನು. “ಮೆರವಣಿಗ್ಯಾಗ ಹತ್ತ ಹೆಜ್ಜಿಗೊಮ್ಮೆ ಕುಣೀತಾರಲ್ರಿ. ಕುಣಿಯೂದು ನೋಡಿದ ಮ್ಯಾಲೇ ಇದು ಹೊಂಡೂದು.”

ನಾನು ಡ್ರೈವರನ್ನು ನೋಡಿದೆ. ಅವನು ಹೊಲ ನೋಡಿದ.

“ಕುಣಿ.”

“ಬ್ಯಾಂಡ್ ಇಲ್ಲದ ಹೆಂಗ್ರಿ?”

ಆದರೂ ಕುಣಿದ. ಕುದುರೆ ಹತ್ತು ಹೆಜ್ಜೆ ಹೋಯಿತು. ಮತ್ತೆ ಕುಣಿದ, ಮತ್ತೆ ಹತ್ತು. ಈ ಲೆಕ್ಕದಲ್ಲಿ ಹೋದರೆ ಐಸು ನೀರಾಗಿ, ಹನಿ ಕೆಟ್ಟು, ಮಕ್ಕಳು ಹಾಗೆಯೇ ಮನೆಗೆ ಹೋಗುವರು. ನಾನು ಬೆನ್ನು ನೆಟ್ಟಗೆ ಮಾಡಿದೆ. ಲಗಾಮು ಬಿಗಿಹಿಡಿದು, ತಂದೆ ಕಲಿಸಿದಂತೆ ಎರಡೂ ಹಿಮ್ಮಡಿ ಒತ್ತಿದೆ. ಕುದುರೆ ಒಂದು ಕ್ಷಣ ವಿಚಾರ ಮಾಡಿತು. ಆಮೇಲೆ ಓಡಿತು! ಮೂವತ್ತು ವರ್ಷ ಎಲ್ಲಿ ಹೋದವೋ; ಮೈಗೆ ಎಲ್ಲವೂ ನೆನಪಿತ್ತು.

ಹಿಂದಿನಿಂದ ಕುದುರೆಯವನ ಕೂಗು ಕೇಳಿತು: “ಬಾಯಾರ, ಇದಕ್ಕ ಓಡಾಕ ಬರ್ತೈತಂತ ನನಗ ಗೊತ್ತಿದ್ದಿಲ್ರಿ!”

ಶಾಲೆಯ ಮುಂದೆ

ಊರು ಹೊಕ್ಕೊಡನೆ ಬ್ಯಾಂಡಿನ ಸದ್ದು. ಕುದುರೆ ನನ್ನ ಮಾತು ಬಿಟ್ಟು ನೇರ ಅದರತ್ತ ನಡೆಯಿತು. ಪುಣ್ಯಕ್ಕೆ ಮದುವೆಯ ದಿಬ್ಬಣ ಇದೇ ಕುದುರೆಗಾಗಿ ಕಾಯುತ್ತ ನಿಂತಿದ್ದು ನಮ್ಮ ಶಾಲೆಯ ಗೇಟಿನ ಮುಂದೆಯೇ. ಹನಿಗೆಂದು ಬಂದ ತಾಯಂದಿರೂ ಬ್ಯಾಂಡ್ ನೋಡುತ್ತ ಅಲ್ಲೇ ಇದ್ದರು. ಗಂಟೆ ಒಂಬತ್ತಕ್ಕೆ ಐದು ನಿಮಿಷ ಕಡಿಮೆ. ಡಬ್ಬಿ ತೆರೆದೆ, ಐಸು ಗಟ್ಟಿಯಾಗಿತ್ತು.

ಆರತಿ ಹಿಡಿದ ಹೆಂಗಸು ನನ್ನನ್ನು ನೋಡಿ, “ಅಗ್ಗೋ ಬಾಯಿ!” ಎಂದು ಮರಾಠಿಯಲ್ಲಿ ಉದ್ಗರಿಸಿ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

ಇಳಿಯಲು ಜಾಗವಿರಲಿಲ್ಲ. “ಐದು ವರ್ಷದೊಳಗಿನವರು ಸಾಲಾಗಿ ಬನ್ನಿ,” ಎಂದು ಮೇಲಿನಿಂದಲೇ ಹೇಳಿದೆ. ತಾಯಂದಿರು ಮಕ್ಕಳನ್ನು ಎತ್ತಿ ಹಿಡಿದರು. ಬೇರೆ ದಿನ ಬಾಯಿ ತೆರೆಸಲು ಇಬ್ಬರು ನರ್ಸುಗಳು ಬೇಕು. ಅಂದು ಪ್ರತಿಯೊಂದು ಮಗುವೂ ಕುದುರೆ ನೋಡಿ ತಾನಾಗಿಯೇ ಬಾಯಿ ತೆರೆಯಿತು. ಮದುವೆಗೆ ಬಂದ ಮಕ್ಕಳನ್ನೂ ಬಿಡಲಿಲ್ಲ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

ಯಾರೋ ಸಾಲು ತಪ್ಪಿಸಿ ಪಕ್ಕದಿಂದ ನುಗ್ಗಿದರು. ನಾನು ತಲೆ ಎತ್ತದೆ ಗದರಿದೆ: “ಸಾಲಿನಲ್ಲಿ ಬನ್ನಿ. ವಯಸ್ಸೆಷ್ಟು?”

“ಇಪ್ಪತ್ತಾರ್ರಿ,” ಎಂದ ಬಾಸಿಂಗ ಕಟ್ಟಿಕೊಂಡವನು, ಕೈ ಜೋಡಿಸಿ. “ನನಗ ಹನಿ ಬ್ಯಾಡ್ರಿ ಬಾಯಾರ. ಕುದರಿ ಬೇಕಾಗಿತ್ರಿ.”